ಹಳೆಯ ರಾಜರನ್ನು ಓದಿದರೆ ದಾಲ್ ಮಿಲ್ ನಡೆಸಲು ಬರುತ್ತದೆಯೇ?

ಗಂಜ್ ಹುಡುಗ, ಕಲಬುರಗಿ | ಭಾನುವಾರ, ರಾತ್ರಿ 9:40

ಹಿರಿಯರಲ್ಲಿ ಒಂದು ಪ್ರಶ್ನೆ. ನಮ್ಮದು ಸಣ್ಣ ದಾಲ್ ಮಿಲ್. ಕಳೆದ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅಪ್ಪ ಗಲ್ಲಾದ ಬೀಗದ ಕೈಯನ್ನು ನನ್ನ ಕೈಗಿಟ್ಟು, ಇನ್ನು ನೀನೇ ನೋಡಿಕೋ ಎಂದರು. ಮುನೀಮರು, ಹಮಾಲರು, ಮಷಿನ್ ನೋಡುವವರು, ಬೇಳೆ ಆರಿಸುವ ಹೆಣ್ಣುಮಕ್ಕಳು ಎಲ್ಲರೂ ಸೇರಿ ಇಪ್ಪತ್ತೆರಡು ಜನ. ಅವರಲ್ಲಿ ಮುಕ್ಕಾಲು ಪಾಲು ನನ್ನನ್ನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದವರು.

ಹೋದ ವಾರ ಎರಡು ದಿನದ ನಾಯಕತ್ವ ತರಬೇತಿಗೆ ಹೋಗಿದ್ದೆ. ಪರದೆಯ ತುಂಬ ಅಲೆಕ್ಸಾಂಡರ್, ಸೀಸರ್, ಹ್ಯಾನಿಬಲ್. ನಾಯಕನಾದವನು ಸೈನ್ಯದ ಮುಂದೆ ನಿಂತು ನುಗ್ಗಬೇಕು ಎಂದು ಹೇಳಿದರು. ಸೋಮವಾರ ಬೆಳಿಗ್ಗೆ ಲಾರಿ ಬಂದಾಗ ನಾನೂ ಮುಂದೆ ಹೋಗಿ ನಿಂತೆ. ಹಿರಿಯ ಹಮಾಲ ಬೆನ್ನ ಮೇಲಿನ ಚೀಲ ಇಳಿಸದೆಯೇ, "ಸಾಹುಕಾರರೇ, ಸ್ವಲ್ಪ ಸರಿಯಿರಿ, ತಾಗುತ್ತದೆ" ಎಂದ.

ತಮಾಷೆ ಬಿಡಿ. ಸತ್ತು ಎರಡು ಸಾವಿರ ವರ್ಷವಾದ ರಾಜರಿಂದ ನಮ್ಮಂಥವರು ಕಲಿಯುವುದು ನಿಜವಾಗಿ ಏನಾದರೂ ಇದೆಯೇ? ಅವರು ಗೆದ್ದದ್ದಕ್ಕಿಂತ ಎಡವಿದ್ದನ್ನು ತಿಳಿಯುವ ಆಸೆ ನನಗೆ ಹೆಚ್ಚು.

ಮಾಜಿ ಹವಾಲ್ದಾರ್, ಶಹಾಪುರ | ಭಾನುವಾರ, ರಾತ್ರಿ 10:15

ಆ ತರಬೇತಿಯಲ್ಲಿ ಅಲೆಕ್ಸಾಂಡರನ ನೀರಿನ ಕತೆಯನ್ನು ಹೇಳಿಯೇ ಇರುತ್ತಾರೆ. ಮರುಭೂಮಿಯಲ್ಲಿ ಸೈನ್ಯ ಬಾಯಾರಿ ಸಾಯುತ್ತಿದೆ. ಯಾರೋ ಶಿರಸ್ತ್ರಾಣದಲ್ಲಿ ಒಂದಿಷ್ಟು ನೀರು ಹುಡುಕಿ ತಂದುಕೊಡುತ್ತಾರೆ. ಎಲ್ಲರಿಗೂ ಸಿಗದ ನೀರು ತನಗೂ ಬೇಡವೆಂದು ಆತ ಎಲ್ಲರ ಎದುರಿಗೇ ನೆಲಕ್ಕೆ ಸುರಿಯುತ್ತಾನೆ. ಗ್ರೀಕ್ ಲೇಖಕ ಏರಿಯನ್ ಬರೆದಿಟ್ಟ ಪ್ರಸಂಗ.

ನಾನು ಸೇನೆಯಲ್ಲಿ ಹದಿನೇಳು ವರ್ಷ ಇದ್ದವನು, ಅದರಲ್ಲಿ ಹೆಚ್ಚು ಕಾಲ ರೇಷನ್ ಸ್ಟೋರಿನಲ್ಲಿ. ನನ್ನ ಪ್ರಶ್ನೆ ಬೇರೆ. ಆ ಸೈನ್ಯವನ್ನು ನೀರಿಲ್ಲದ ಗೆಡ್ರೋಸಿಯಾಕ್ಕೆ, ಅಂದರೆ ಇಂದಿನ ಬಲೂಚಿಸ್ತಾನದ ಮರಳಿಗೆ, ಕ್ರಿ.ಪೂ. 325ರಲ್ಲಿ ಕರೆದೊಯ್ದವರು ಯಾರು? ಅದೇ ಅಲೆಕ್ಸಾಂಡರ್. ಹಿಂದಿನ ಅರಸರು ಆ ದಾರಿಯಲ್ಲಿ ಸೈನ್ಯ ಕಳೆದುಕೊಂಡರಂತೆ, ನಾನು ದಾಟಿ ತೋರಿಸುತ್ತೇನೆ ಎಂಬ ಹಟವೂ ಅದರಲ್ಲಿತ್ತು. ಏಷ್ಯಾದಲ್ಲಿ ಸೈನ್ಯ ಪಟ್ಟ ಉಳಿದೆಲ್ಲ ಪಾಡನ್ನೂ ಒಟ್ಟು ಹಾಕಿದರೂ ಆ ದಾರಿಯ ಪಾಡಿಗೆ ಸಮವಾಗಲಿಲ್ಲವಂತೆ. ಸುರಿದ ನೀರು ಚಿತ್ರಕ್ಕೆ ಚೆಂದ. ಹಿಂದಿನ ರಾತ್ರಿ ಎಷ್ಟು ನೀರಿನ ಚೀಲಗಳು ಹೊರಟವು ಎಂದು ಎಣಿಸಿದವನ ಕತೆಯನ್ನು ಯಾರೂ ಹೇಳುವುದಿಲ್ಲ.

ತೊಗರಿ ಹೊಲ | ಭಾನುವಾರ, ರಾತ್ರಿ 10:22

ಈ ವಾರ ತೊಗರಿ ಧಾರಣೆ ಎಷ್ಟು ನಡೆದಿದೆ?

ಗಂಜ್ ಹುಡುಗ, ಕಲಬುರಗಿ | ಭಾನುವಾರ, ರಾತ್ರಿ 10:24

ಅಣ್ಣ, ಅದಕ್ಕೆ ಬೇರೆ ಚರ್ಚೆ ಇದೆ. ಇಲ್ಲಿ ಅಲೆಕ್ಸಾಂಡರ್ ನಡೆದಿದ್ದಾನೆ.

ನಿವೃತ್ತ ಮೇಷ್ಟ್ರು, ಸೇಡಂ | ಸೋಮವಾರ, ಬೆಳಿಗ್ಗೆ 6:10

ಮಗೂ, ಮ್ಯಾಸಿಡೋನಿಯಾದವರೆಗೆ ಏಕೆ ಹೋಗುತ್ತೀರಿ? ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಒಮ್ಮೆ ಹೋಗಿ ಬನ್ನಿ. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮೇಲ್ಛಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಅಡಿಯಲ್ಲಿ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಬ್ರಾಹ್ಮೀ ಅಕ್ಷರಗಳು, ಪ್ರಾಕೃತ ಭಾಷೆ: ಅಶೋಕನ ಶಾಸನ. ದೇವಿಯನ್ನು ನಿಲ್ಲಿಸಲು ಹಿಂದೆ ಯಾರೋ ಕಲ್ಲಿನ ನಡುವೆ ಚೌಕವಾಗಿ ಕೊರೆದಿದ್ದರು. ಹೀಗಾಗಿ ಚಕ್ರವರ್ತಿಯ ಕೆಲವು ಮಾತು ಆ ತೂತಿನಲ್ಲಿ ಹೋಯಿತು.

ಅಶೋಕನ ಹದಿನಾಲ್ಕು ಬಂಡೆಶಾಸನಗಳ ಪೈಕಿ 12 ಮತ್ತು 14ನೆಯವು ಆ ಕಲ್ಲಿನ ಒಂದು ಮಗ್ಗುಲಲ್ಲಿ ಉಳಿದಿವೆ. ಹದಿನಾಲ್ಕನೆಯದನ್ನು ಯಾವ ತರಬೇತಿಯಲ್ಲೂ ಹೇಳುವುದಿಲ್ಲ, ನನಗೆ ಬಹಳ ಇಷ್ಟವಾದದ್ದು ಅದೇ. ಈ ಬರಹಗಳಲ್ಲಿ ಕೆಲವು ಸಂಕ್ಷಿಪ್ತ, ಕೆಲವು ಮಧ್ಯಮ, ಕೆಲವು ವಿಸ್ತಾರ. ಮಾತು ಹಿತವಾದುದರಿಂದ ಕೆಲವನ್ನು ಮತ್ತೆ ಮತ್ತೆ ಹೇಳಿದೆ. ಎಲ್ಲಾದರೂ ಅರೆಬರೆ ಆಗಿದ್ದರೆ ಅದಕ್ಕೆ ಸ್ಥಳವೋ ಲಿಪಿಕಾರನ ತಪ್ಪೋ ಕಾರಣ ಎನ್ನುವುದು ಅದರ ತಾತ್ಪರ್ಯ. ನನ್ನ ಆಜ್ಞೆ ಕೆಳಗಿನವರ ಕೈಯಲ್ಲಿ ತಪ್ಪಾಗಿರಬಹುದು ಎಂದು ಕಲ್ಲಿನ ಮೇಲೆಯೇ ಬರೆಸಿದ ದೊರೆ ಇನ್ನೊಬ್ಬನನ್ನು ನಾನು ಕಾಣೆ. ನಮ್ಮ ಶಾಲೆಗೆ ಬರುತ್ತಿದ್ದ ಸುತ್ತೋಲೆಗಳಲ್ಲಿ ತಪ್ಪಿದ್ದರೆ ತಿದ್ದುಪಡಿಗೆ ಮತ್ತೊಂದು ಸುತ್ತೋಲೆ ಬರುತ್ತಿತ್ತು, ಮೊದಲಿನದು ಸರಿಯಾಗಿಯೇ ಇತ್ತು ಎಂಬ ಧಾಟಿಯಲ್ಲಿ.

ಒಪ್ಪಲಾರೆ | ಸೋಮವಾರ, ಬೆಳಿಗ್ಗೆ 8:35

ಮೇಷ್ಟ್ರೇ, ಕ್ಷಮಿಸಿ. ಅದೇ ದೊರೆ ಕಳಿಂಗದಲ್ಲಿ ಒಂದು ಲಕ್ಷ ಜನರನ್ನು ಕೊಲ್ಲಿಸಿದ, ಒಂದೂವರೆ ಲಕ್ಷ ಜನರನ್ನು ಸೆರೆ ಸಾಗಿಸಿದ. ಲೆಕ್ಕ ನನ್ನದಲ್ಲ, 13ನೆಯ ಶಾಸನದಲ್ಲಿ ಅವನೇ ಕೊಟ್ಟದ್ದು. ಕೊಂದ ಮೇಲೆ ಪಶ್ಚಾತ್ತಾಪ ಪಟ್ಟವನಿಂದ ಇಪ್ಪತ್ತೆರಡು ಜನರ ಮಿಲ್ಲಿಗೆ ಏನು ಪಾಠ? ರಾಜರ ಕತೆಯನ್ನು ಬರೆಸಿದವರೂ ರಾಜರೇ. ಗೆದ್ದವನ ಗುಣಗಳನ್ನೆಲ್ಲ ಗೆಲುವಿನ ಕಾರಣ ಎನ್ನುತ್ತೇವೆ, ಅದೇ ಗುಣವಿದ್ದು ಸೋತವನ ಹೆಸರು ನಮಗೆ ಗೊತ್ತೇ ಇರುವುದಿಲ್ಲ.

ನಿವೃತ್ತ ಮೇಷ್ಟ್ರು, ಸೇಡಂ | ಸೋಮವಾರ, ಬೆಳಿಗ್ಗೆ 9:50

ನಿಮ್ಮ ಆಕ್ಷೇಪಕ್ಕೆ ಇನ್ನಷ್ಟು ಬಲ ಕೊಡುತ್ತೇನೆ. ಆ ಪಶ್ಚಾತ್ತಾಪದ 13ನೆಯ ಶಾಸನವನ್ನು ಕಳಿಂಗದಲ್ಲಿ, ಅಂದರೆ ಧೌಲಿ ಮತ್ತು ಜೌಗಡದಲ್ಲಿ, ಕೆತ್ತಿಸಲೇ ಇಲ್ಲ. ಯಾರ ಮನೆ ಹಾಳಾಯಿತೋ ಅವರಿಗೆ ಆ ಮಾತು ಕೇಳಿಸಲಿಲ್ಲ. ಅಲ್ಲಿ ಅದರ ಬದಲು ಅಧಿಕಾರಿಗಳಿಗೆ ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿಯ ಕಲ್ಲಿನ ಇನ್ನೊಂದು ಮಗ್ಗುಲಲ್ಲಿ ಇರುವುದೂ ಆ ಎರಡೇ. ಕಳಿಂಗಕ್ಕೆ ಬರೆದದ್ದು ಭೀಮಾ ನದಿಯ ದಂಡೆಗೆ ಏಕೆ ಬಂತು ಎಂದು ವಿದ್ವಾಂಸರು ಇಂದಿಗೂ ಜಗ್ಗಾಡುತ್ತಾರೆ.

ಅವುಗಳಲ್ಲಿ ಮೊದಲನೆಯದನ್ನು ಗಂಜ್ ಹುಡುಗರು ಓದಲೇಬೇಕು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಅದರಲ್ಲೇ ಬರುತ್ತದೆ, ಅದು ಭಾಷಣಕ್ಕಾಯಿತು. ಮುಂದಿನದು ಕೆಲಸಕ್ಕೆ ಬರುವಂಥದು. ನ್ಯಾಯ ನೋಡುವ ಅಧಿಕಾರಿ ತಪ್ಪುವುದು ಯಾವುದರಿಂದ ಎಂದು ಹೆಸರಿಸುತ್ತಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಕೊನೆಯದನ್ನು ನೋಡಿ. ದಣಿದವನು ಅನ್ಯಾಯ ಮಾಡುತ್ತಾನೆ ಎಂದು ಕ್ರಿಸ್ತಪೂರ್ವ ಮೂರನೆಯ ಶತಮಾನದವನಿಗೆ ತಿಳಿದಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು, ಕಡೆಯ ಪೀರಿಯಡ್‌ನಲ್ಲಿ ಹೊಡೆದಷ್ಟು ಪೆಟ್ಟನ್ನು ಮೊದಲ ಪೀರಿಯಡ್‌ನಲ್ಲಿ ಎಂದೂ ಹೊಡೆದಿಲ್ಲ. ತಿಷ್ಯ ನಕ್ಷತ್ರದ ದಿನ ಈ ಶಾಸನವನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ ಎಂದೂ ಇದೆ.

ಬೀದರಿನವಳು | ಸೋಮವಾರ, ರಾತ್ರಿ 8:20

ಎಡವಿದವರ ಕತೆ ಬೇಕೆಂದಿರಿ. ನಮ್ಮೂರಿಗೆ ಬನ್ನಿ.

ಮಹಮೂದ್ ಗಾವಾನನ ಮದರಸಾವನ್ನು ನೋಡಿರುತ್ತೀರಿ. 1472ರಲ್ಲಿ ಕಟ್ಟಿದ್ದು, ಈಗ ಒಂದೇ ಮಿನಾರು ಉಳಿದಿದೆ, ಅದರ ಮೈಮೇಲಿನ ಬಣ್ಣದ ಹೆಂಚುಗಳು ಅಲ್ಲಲ್ಲಿ ಮಾತ್ರ. ಔರಂಗಜೇಬನ ಕಾಲದಲ್ಲಿ ಅಲ್ಲಿಟ್ಟಿದ್ದ ಮದ್ದು ಸ್ಫೋಟಿಸಿ ಮುಂಭಾಗದ ಅರ್ಧ ಹಾರಿಹೋಯಿತು. ಪುಸ್ತಕಗಳಿದ್ದ ಜಾಗದಲ್ಲಿ ಮದ್ದಿಟ್ಟವರ ಬುದ್ಧಿಗೆ ಏನು ಹೇಳುವುದು.

ಗಾವಾನ ಇರಾನಿನ ಗೀಲಾನದಿಂದ ಬಂದ ವ್ಯಾಪಾರಿ. ನಿಮ್ಮಂತೆಯೇ ಗಲ್ಲಾದ ಮುಂದಿನಿಂದ ಎದ್ದು ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾದ. ಆಗ ರಾಜ್ಯದಲ್ಲಿ ನಾಲ್ಕು ಪ್ರಾಂತಗಳಿದ್ದವು, ತರಫ್ ಎನ್ನುತ್ತಿದ್ದರು. ಒಬ್ಬೊಬ್ಬ ತರಫ್‌ದಾರನೂ ಒಬ್ಬೊಬ್ಬ ಪುಟ್ಟ ಸುಲ್ತಾನ. ಗಾವಾನ ಒಂದೊಂದನ್ನೂ ಎರಡಾಗಿ ಸೀಳಿ ಎಂಟು ಮಾಡಿದ. ಕಲಬುರಗಿಯದು ಕಲಬುರಗಿ ಮತ್ತು ಬಿಜಾಪುರ ಎಂದಾಯಿತು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದವಕ್ಕೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸಬೇಕು. ಪಟ್ಟಿಯಲ್ಲಿ ಇಷ್ಟು ಸಿಪಾಯಿಗಳು ಎಂದು ತೋರಿಸಿ ಅಷ್ಟು ಇಡದಿದ್ದರೆ ಅಷ್ಟರ ಹಣ ಕಡಿತ. ಜಮೀನು ಅಳೆಸಿದ. ಎಲ್ಲವೂ ಸರಿಯಾದ ಕ್ರಮಗಳೇ. ಒಂದೊಂದು ಸರಿಯಾದ ಕ್ರಮಕ್ಕೂ ಒಬ್ಬೊಬ್ಬ ಹಗೆ ಹುಟ್ಟಿದ.

ಹಗೆಗಳು ಅವನನ್ನು ಯುದ್ಧದಲ್ಲಿ ಮುಟ್ಟಲಿಲ್ಲ. ಅವನ ಮುದ್ರೆ ಕಾಯುತ್ತಿದ್ದವನೊಬ್ಬನಿದ್ದ. ಅವನಿಗೆ ಕುಡಿಸಿ ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒಡಿಶಾದ ಗಜಪತಿ ರಾಜನಿಗೆ, ದಂಡೆತ್ತಿ ಬನ್ನಿ, ನಾನು ಒಳಗಿನಿಂದ ನೆರವಾಗುತ್ತೇನೆ ಎಂಬಂತೆ ಪತ್ರ ಬರೆದು ಸುಲ್ತಾನ ಮೂರನೆಯ ಮುಹಮ್ಮದನಿಗೆ ಮುಟ್ಟಿಸಿದರು. ಇವತ್ತು ಹೋಗಬೇಡಿ ಎಂದು ಗೆಳೆಯರು ತಡೆದರೂ ಗಾವಾನ ಹೋದ. ದ್ರೋಹಿಗೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಕತ್ತಿಯೇ ಎಂದ ಗಾವಾನ. ಪತ್ರ ತೋರಿಸಿದಾಗ, ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ. ವಿಚಾರಣೆ ಅಷ್ಟೇ. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ಅವನ ಖಜಾನೆ ತೆರೆದರೆ ಹೇಳಿಕೊಳ್ಳುವಂಥ ಹಣವೇ ಇರಲಿಲ್ಲ. ಸುಲ್ತಾನನೂ ಮರುವರ್ಷ ಸತ್ತ, ರಾಜ್ಯ ಮುಂದೆ ಐದು ಹೋಳಾಯಿತು.

ಸುಲ್ತಾನ ದುಡುಕಿದ ಎಂದು ಎಲ್ಲರೂ ಹೇಳುತ್ತಾರೆ, ದುಡುಕಿದ್ದೂ ನಿಜ. ಆದರೆ ಎಂಟು ಪ್ರಾಂತಗಳ ಕೋಟೆಗಳಿಗೆಲ್ಲ ತಡೆ ಹಾಕಿದ ಜಾಣ ತನ್ನ ಮೇಜಿನ ಮೇಲಿನ ಮುದ್ರೆಗೆ ಹಾಕಲಿಲ್ಲ. ಇಪ್ಪತ್ತು ವರ್ಷ ಕಚೇರಿಯಲ್ಲಿ ಟಪಾಲು ನೋಡಿದ ನನಗೆ ಆ ಭಾಗವೇ ಚುಚ್ಚುತ್ತದೆ.

ತಮ್ಮಾ, ನಿಮ್ಮ ಮಿಲ್ಲಿನ ಸೀಲು ಎಲ್ಲಿರುತ್ತದೆ?

ಗಂಜ್ ಹುಡುಗ, ಕಲಬುರಗಿ | ಸೋಮವಾರ, ರಾತ್ರಿ 9:05

ಅಕ್ಕಾ, ಮುನೀಮರ ಡ್ರಾಯರಿನಲ್ಲಿ. ಡ್ರಾಯರಿನ ಕೀಲಿ ಗೋಡೆಯ ಕ್ಯಾಲೆಂಡರಿನ ಹಿಂದಿನ ಮೊಳೆಗೆ. ಅದು ಅಲ್ಲಿರುತ್ತದೆಂದು ಚಹಾ ತರುವ ಹುಡುಗನಿಗೂ ಗೊತ್ತು. ನಾನು ಊರಲ್ಲಿಲ್ಲದಾಗ ಬೇಕಾಗುತ್ತದೆಂದು ಸಹಿ ಮಾಡಿದ ಮೂರು ಖಾಲಿ ಲೆಟರ್‌ಹೆಡ್‌ಗಳೂ ಅದೇ ಡ್ರಾಯರಿನಲ್ಲಿವೆ.

ಬೀದರಿನವಳು | ಸೋಮವಾರ, ರಾತ್ರಿ 9:07

ಮೊದಲು ಹೋಗಿ ಅವನ್ನು ಹರಿಯಿರಿ. ಉಳಿದ ರಾಜರು ಕಾಯುತ್ತಾರೆ.

ಗಂಜ್ ಹುಡುಗ, ಕಲಬುರಗಿ | ಮಂಗಳವಾರ, ಬೆಳಿಗ್ಗೆ 10:30

ಹರಿದೆ. ಮುನೀಮರಿಗೆ ನೋವಾಯಿತು. ಅಪ್ಪನ ಕಾಲದಿಂದ ಇರುವ ನನ್ನ ಮೇಲೆ ಅನುಮಾನವೇ ಎಂದರು. ಅವರಿಗೆ ಗಾವಾನನ ಕತೆ ಪೂರ್ತಿ ಹೇಳಿದೆ. ಕೇಳಿ, ಕುಡಿದವನು ಮುದ್ರೆಯವನಲ್ಲವೇ, ನಾನು ಚಹಾ ಬಿಟ್ಟು ಬೇರೇನೂ ಕುಡಿಯುವುದಿಲ್ಲ ಎಂದರು. ಆದರೂ ಕೀಲಿಯನ್ನು ಮೊಳೆಯಿಂದ ತೆಗೆದು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿದ್ದಾರೆ.

ಒಪ್ಪಲಾರೆ | ಮಂಗಳವಾರ, ಬೆಳಿಗ್ಗೆ 11:15

ಇದಕ್ಕೆ ಬಹಮನಿ ಇತಿಹಾಸ ಬೇಕಿತ್ತೇ? ಯಾವ ಲೆಕ್ಕಪರಿಶೋಧಕನಾದರೂ ಹೇಳುತ್ತಿದ್ದ.

ಮಾಜಿ ಹವಾಲ್ದಾರ್, ಶಹಾಪುರ | ಮಂಗಳವಾರ, ಬೆಳಿಗ್ಗೆ 11:40

ಹೇಳುತ್ತಿದ್ದ. ಇವರು ಕೇಳುತ್ತಿರಲಿಲ್ಲ.

ಗಾವಾನನ ಇನ್ನೊಂದು ಸಂಗತಿ. ಕೊಂಕಣದ ದಂಡಯಾತ್ರೆಯಲ್ಲಿ ಖೇಳಣಾ ಕೋಟೆಯ ಮುತ್ತಿಗೆ ಮುಗಿಯದೆ ಮಳೆಗಾಲ ಬಂತು. ಆತ ಮುತ್ತಿಗೆ ತೆಗೆದು, ಘಟ್ಟ ಹತ್ತಿ ಕೊಲ್ಹಾಪುರದ ಕಡೆ ಹುಲ್ಲಿನ ಗುಡಿಸಲು ಹಾಕಿಸಿ ಸೈನ್ಯವನ್ನು ಕೂರಿಸಿದ. ಮಳೆ ನಿಂತ ಮೇಲೆ ಮತ್ತೆ ಹೊರಟ. 1472ರಲ್ಲಿ ಗೋವಾವೂ ಅವನ ಕೈಸೇರಿತು. ಕೊಂಕಣದ ಮಳೆಯಲ್ಲಿ ಒದ್ದೆ ಬೂಟಿನಲ್ಲಿ ನಿಂತು ಗೊತ್ತಿದ್ದವರಿಗೆ ಆ ಗುಡಿಸಲಿನ ಬೆಲೆ ತಿಳಿಯುತ್ತದೆ. ಅಲೆಕ್ಸಾಂಡರ್ ಮರಳಿನಲ್ಲಿ ತೋರಿಸಿದ್ದಕ್ಕಿಂತ ಇದು ದೊಡ್ಡದು.

ಸುರಪುರದ ಕಡೆಯವ | ಮಂಗಳವಾರ, ಸಂಜೆ 7:30

ನಮ್ಮ ವಾಗಿನಗೇರಿಯನ್ನು ಬಿಟ್ಟರೆ ಹೇಗೆ? 1705 ಎಂದರೆ ಪ್ರಾಚೀನವಲ್ಲ ಎಂದು ಮೇಷ್ಟ್ರು ಬೈಯಬಹುದು. ಬೈಯಲಿ.

ಔರಂಗಜೇಬನಿಗೆ ಆಗ ಎಂಬತ್ತಾರು ವರ್ಷ. ಖುದ್ದಾಗಿ ಬಂದು ಫೆಬ್ರವರಿಯಲ್ಲಿ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಪಿಡ್ಡ ನಾಯಕ ಮತ್ತು ಗುರಿ ತಪ್ಪದ ಬೇಡರು. ನಾಯಕ ಸಂಧಿಯ ಮಾತಾಡುತ್ತ ದಿನ ತಳ್ಳಿದ, ಅಷ್ಟರಲ್ಲಿ ಮರಾಠರ ಕುದುರೆಗಳು ನೆರವಿಗೆ ಬಂದವು. ಇನ್ನು ಕೋಟೆ ನಿಲ್ಲದು ಎಂದಾದಾಗ ಏಪ್ರಿಲ್ ಕೊನೆಯ ಒಂದು ರಾತ್ರಿ ತನ್ನವರನ್ನು ಕರೆದುಕೊಂಡು ಹೊರಬಿದ್ದ. ಬೆಳಿಗ್ಗೆ ಬಾದಶಹನ ಸೈನ್ಯಕ್ಕೆ ಸಿಕ್ಕಿದ್ದು ಉರಿಯುತ್ತಿದ್ದ ಖಾಲಿ ಕೋಟೆ. ಅದೇ ಔರಂಗಜೇಬನ ಕೊನೆಯ ಮುತ್ತಿಗೆ. ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದ, 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಗೋಡೆ ಹೋದರೆ ಮತ್ತೆ ಕಟ್ಟಬಹುದು, ಜನ ಹೋದರೆ ಕಟ್ಟುವವರು ಯಾರು ಎಂದು ನಮ್ಮಜ್ಜ ಆ ಕೋಟೆ ತೋರಿಸಿ ಹೇಳುತ್ತಿದ್ದರು.

ನಿವೃತ್ತ ಮೇಷ್ಟ್ರು, ಸೇಡಂ | ಮಂಗಳವಾರ, ರಾತ್ರಿ 8:15

ಬೈಯುವುದಿಲ್ಲ. ಆದರೆ ನಮ್ಮ ಮಳಖೇಡದವನದೂ ಒಂದಿರಲಿ. ರಾಷ್ಟ್ರಕೂಟರ ಅಮೋಘವರ್ಷ 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಸಾಮಂತರು ತಿರುಗಿಬಿದ್ದು ಸಿಂಹಾಸನವೇ ಕೈತಪ್ಪಿತ್ತು. ಗುಜರಾತ್ ಶಾಖೆಯ ಕರ್ಕ ಮತ್ತೆ ಕೂರಿಸಿದ. ಅಲ್ಲಿಂದ ಮುಂದೆ ಒಟ್ಟು ಅರವತ್ತು ವರ್ಷಕ್ಕೂ ಹೆಚ್ಚು ಆಳಿದ. ಗಂಗರೊಡನೆ ವರ್ಷಗಟ್ಟಲೆ ಕಾದಾಡಿ, ಕಡೆಗೆ ಬೂತುಗನಿಗೆ ಮಗಳನ್ನು ಕೊಟ್ಟು ಬೀಗನಾದ. ಬಂಕೇಶನಂಥ ದಂಡನಾಯಕನನ್ನು ನಂಬಿದ, ಆ ನಂಬಿಕೆ ಅವನನ್ನು ಕಾಯಿತು. ನಾಡಿಗೆ ಬಂದ ಕೇಡು ತೊಲಗಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈಯ ಬೆರಳನ್ನೇ ಒಪ್ಪಿಸಿದನೆಂದು ಸಂಜಾನ್ ತಾಮ್ರಪಟ ಹೇಳುತ್ತದೆ. ಬೆರಳಿನ ಕತೆಯನ್ನು ನಾನು ಮಕ್ಕಳಿಗೆ ಹೇಳುವಾಗ ತುಸು ಬೇಗ ದಾಟಿಸುತ್ತಿದ್ದೆ.

ನಾನು ನಿಲ್ಲುವುದು ಅವನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಒಂದು ಸಾಲಿನಲ್ಲಿ: "ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ." ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲೆಯಾದರೆ ಅದೇ ಬಂಗಾರ. ಈಗ ಸನ್ನತಿಯ ಕಲ್ಲಿನ 12ನೆಯ ಶಾಸನಕ್ಕೆ ಹಿಂತಿರುಗಿ. ಅಲ್ಲಿರುವುದೂ ಇದೇ: ನಾಲಿಗೆಯನ್ನು ಹಿಡಿತದಲ್ಲಿಡು, ನಿನ್ನ ಪಂಥವನ್ನು ಹೊಗಳುವ ಭರದಲ್ಲಿ ಇನ್ನೊಬ್ಬರದನ್ನು ಹಳಿಯಬೇಡ. ನಡುವೆ ಸಾವಿರಕ್ಕೂ ಹೆಚ್ಚು ವರ್ಷ, ಆದರೆ ಒಂದೇ ಜಿಲ್ಲೆ. ಒಬ್ಬರು ಇನ್ನೊಬ್ಬರನ್ನು ಓದಿರಲಿಲ್ಲ. ಇಬ್ಬರಿಗೂ ಅದು ಆಳುವವನ ಕಷ್ಟವಾಗಿ ಕಂಡಿತ್ತು.

ಸ್ಪರ್ಧಾತ್ಮಕ ಪರೀಕ್ಷೆ, ಯಾದಗಿರಿ | ಬುಧವಾರ, ಮಧ್ಯಾಹ್ನ 1:20

ನಾನು ಕೌಟಿಲ್ಯನನ್ನು ಪರೀಕ್ಷೆಗೆಂದು ಓದುತ್ತಿದ್ದೇನೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತು ಎಂದು ತಿಳಿಯಲಾಗದಂತೆ ಅಧಿಕಾರಿ ಯಾವಾಗ ಹಣ ತಿಂದ ಎಂದು ತಿಳಿಯಲಾಗದು ಎಂಬ ಮಾತು ಎಲ್ಲರಿಗೂ ಬಾಯಿಪಾಠ. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು: ಸುಲಭವಾಗಿ ನೋಡಲು ಸಿಗದ ರಾಜನಿಂದ ಅವನ ಸುತ್ತಲಿನವರು ಮಾಡಬೇಕಾದದ್ದನ್ನು ಬಿಡಿಸಿ, ಮಾಡಬಾರದ್ದನ್ನು ಮಾಡಿಸುತ್ತಾರೆ. ಅಶೋಕನ 6ನೆಯ ಶಾಸನವೂ ಇದರದೇ ಜೋಡಿ. ನಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಜನರ ಸುದ್ದಿಯನ್ನು ವರದಿಗಾರರು ಬಂದು ಹೇಳಬೇಕು ಎನ್ನುತ್ತಾನೆ.

ಗಂಜ್ ಹುಡುಗ, ಕಲಬುರಗಿ | ಬುಧವಾರ, ರಾತ್ರಿ 11:10

ತಂಗೀ, ನಿಮ್ಮ ಮಾತು ಓದಿ ಊಟ ಸೇರಲಿಲ್ಲ. ಒಂದು ಸಂಗತಿ ಹೇಳಿಬಿಡುತ್ತೇನೆ.

ತೊಗರಿಗೆ ಎಣ್ಣೆ ಹಚ್ಚಿ ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಬಿಸಿಲಿಗೆ ಹರಡುತ್ತೇವೆ. ಹೋದ ತಿಂಗಳು ಒಂದು ಮಧ್ಯಾಹ್ನ ಅಕಾಲಿಕ ಮಳೆ ಬಂತು. ಊಟ ಮಾಡಿ ಮಲಗಿದ್ದೆ. ಎದ್ದು ಬರುವ ಹೊತ್ತಿಗೆ ಅಂಗಳದಲ್ಲಿ ನೀರು, ನೀರಿನ ಮೇಲೆ ಎಣ್ಣೆಯ ಬಣ್ಣ, ಕಾಳು ಚರಂಡಿಯ ಕಡೆ ತೇಲಿ ಹೋಗುತ್ತಿತ್ತು. ಮೋಡವನ್ನು ಯಾರೂ ನೋಡಲಿಲ್ಲವೇ ಎಂದು ಕೂಗಾಡಿದೆ. ಎಲ್ಲರೂ ತಲೆ ತಗ್ಗಿಸಿದರು. ಬೇಳೆ ಆರಿಸುವ ಹಿರಿಯಳೊಬ್ಬಳು ಮಾತ್ರ, "ಆವತ್ತು ಎಬ್ಬಿಸಿದ್ದಕ್ಕೆ ಬೈದಿರಲ್ಲ" ಎಂದಳು.

ನಿಜ. ಅದಕ್ಕೆ ಹದಿನೈದು ದಿನ ಮುಂಚೆ ಇದೇ ರೀತಿ ಮೋಡ ಕಂಡು ಎಬ್ಬಿಸಿದ್ದರು. ಎಲ್ಲವನ್ನೂ ಬಳಿದು ತಾಡಪತ್ರಿ ಹೊದಿಸಿದ ಮೇಲೆ ಒಂದು ಹನಿಯೂ ಬೀಳಲಿಲ್ಲ, ಅರ್ಧ ದಿನದ ಬಿಸಿಲು ಹೋಯಿತು. ಬಾಯಿಗೆ ಬಂದಂತೆ ಬೈದಿದ್ದೆ. ಮುತ್ತಿಗೆ, ಮರುಭೂಮಿ ಏನೂ ಬೇಡ, ನನ್ನ ರಾಜ್ಯ ಹೋದದ್ದು ಮಧ್ಯಾಹ್ನದ ನಿದ್ದೆಯಲ್ಲಿ.

ಒಪ್ಪಲಾರೆ | ಬುಧವಾರ, ರಾತ್ರಿ 11:25

ಈ ಮಾತನ್ನು ಮಾತ್ರ ಒಪ್ಪುತ್ತೇನೆ.

ಮಾಜಿ ಹವಾಲ್ದಾರ್, ಶಹಾಪುರ | ಗುರುವಾರ, ಬೆಳಿಗ್ಗೆ 5:50

ಸೇನೆಯಲ್ಲಿ ಕಾವಲಿನವನು ಸುಮ್ಮನೆ ಎಬ್ಬಿಸಿದರೆ ಬೈಯುವುದಿಲ್ಲ. ಎಬ್ಬಿಸದಿದ್ದರೆ ಕೇಳುತ್ತಾರೆ. ಇದನ್ನು ಎಲ್ಲರಿಗೂ ಕೇಳುವಂತೆ ಅಂಗಳದಲ್ಲೇ ಹೇಳಿ. ಮುನೀಮರ ಮೂಲಕ ಹೇಳಿಸಬೇಡಿ.

ಗಂಜ್ ಹುಡುಗ, ಕಲಬುರಗಿ | ಮುಂದಿನ ಮಂಗಳವಾರ, ಸಂಜೆ 6:45

ಅಂಗಳದಲ್ಲಿ ನಿಂತು ಹೇಳಿದೆ. ಯಾರೂ ಏನೂ ಮಾತಾಡಲಿಲ್ಲ, ಹಮಾಲರೊಬ್ಬರು ಬೀಡಿ ಆರಿಸಿದರು, ಅಷ್ಟೇ.

ಇವತ್ತು ಮಧ್ಯಾಹ್ನ ಎರಡಕ್ಕೆ ಅದೇ ಹಿರಿಯಳು ಬಾಗಿಲು ಬಡಿದಳು. ಪಡುವಣ ದಿಕ್ಕು ಕಪ್ಪಾಗಿತ್ತು. ಎಲ್ಲರೂ ಸೇರಿ ಬಳಿದೆವು, ನಾನೂ ಸಲಿಕೆ ಹಿಡಿದೆ. ಕೊನೆಯ ತಾಡಪತ್ರಿ ಹೊದಿಸಿದಾಗ ಎರಡೂವರೆ.

ಮಾಜಿ ಹವಾಲ್ದಾರ್, ಶಹಾಪುರ | ಮಂಗಳವಾರ, ಸಂಜೆ 6:52

ಮಳೆ ಬಂತೇ?

ಗಂಜ್ ಹುಡುಗ, ಕಲಬುರಗಿ | ಮಂಗಳವಾರ, ಸಂಜೆ 6:55

ಇಲ್ಲ, ಬರೀ ಗಾಳಿ. ಮೂರೂವರೆಗೆ ಚಹಾ ತರಿಸಿ ಎಲ್ಲರೂ ಕುಡಿದು ಮತ್ತೆ ಹರಡಿದೆವು. ಹಿರಿಯಳು ನನ್ನ ಮುಖವನ್ನೇ ನೋಡುತ್ತಿದ್ದಳು.